ಮತದಾನದ ದಿನದ ರಜೆ

ಮುಂಬಯಿಯ ನಮ್ಮ ವಿದ್ಯಾರ್ಥಿಗಳ ತಂದೆತಾಯಿಗಳಲ್ಲಿ ದಿನಗೂಲಿಯವರು ಬಹುಮಂದಿ. ಮತ ನೀಡಲು ಹೋದರೆ ಅಂದಿನ ಕೂಲಿ ತಪ್ಪೀತೆಂದು ಅವರು ಅಂಜುವುದನ್ನು ನಾವು ಬಲ್ಲೆವು. ಕಾನೂನು ಬೇರೆಯೇ ಹೇಳುತ್ತದೆ. 1951ರ ಪ್ರಜಾಪ್ರತಿನಿಧಿತ್ವ ಅಧಿನಿಯಮಕ್ಕೆ 1996ರಲ್ಲಿ ಸೇರಿದ 135-ಬಿ ಪ್ರಕರಣದಂತೆ, ಲೋಕಸಭೆ ಇಲ್ಲವೆ ವಿಧಾನಸಭೆಯ ಚುನಾವಣೆಯಲ್ಲಿ ಮತದ ಹಕ್ಕುಳ್ಳ ನೌಕರನಿಗೆ ಅಂದು ರಜೆ ಕೊಡತಕ್ಕದ್ದು, ಸಂಬಳ ಕಡಿಯಕೂಡದು. ದಿನಗೂಲಿಯವನಿಗೂ ಆ ದಿನದ ಕೂಲಿ ಸಲ್ಲಬೇಕು. ಅಂಗಡಿ, ಕಾರ್ಖಾನೆ, ಉಪಾಹಾರಗೃಹಗಳೆಂಬ ಭೇದವಿಲ್ಲ. ಕೆಲಸಗಾರನ ಗೈರುಹಾಜರಿಯಿಂದ ಅಪಾಯವೋ ಭಾರಿ ನಷ್ಟವೋ ಒದಗುವಂತಿದ್ದರೆ ಮಾತ್ರ ವಿನಾಯಿತಿ. ತಪ್ಪಿದ ಮಾಲಿಕನಿಗೆ 500 ರೂಪಾಯಿಯವರೆಗೆ ದಂಡ; ನಮಗಂತೂ ಇದು ತೀರ ಅಗ್ಗವೆನಿಸುತ್ತದೆ!

ಹೆಸರು ಇನ್ನೂ ಊರಿನ ಪಟ್ಟಿಯಲ್ಲಿಯೇ ಉಳಿದವರಿಗೆ ಒಂದು ದಿನದ ರಜೆ ಹೋಗಿಬರಲು ಸಾಲದು. ಇಲ್ಲಿಯೇ ನೆಲೆಸಿದವರು 8ನೆಯ ನಮೂನೆಯ ಅರ್ಜಿಯಿಂದ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಅದನ್ನು ತುಂಬಲು ನಮ್ಮ ಮೇಲ್ತರಗತಿಯ ಮಕ್ಕಳು ಮನೆಯಲ್ಲಿ ನೆರವಾಗಬಲ್ಲರು.