ಸ್ಟಾರು, ಪೆನ್ಸಿಲು ಮತ್ತು ಹೋಂವರ್ಕು

ಹೋಂವರ್ಕ್ ಮಾಡಿ ತಂದರೆ ಒಂದು ಸ್ಟಾರ್, ಹತ್ತು ಸ್ಟಾರ್ ಆದರೆ ಒಂದು ಪೆನ್ಸಿಲ್. ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಇಂಥ ಚಾರ್ಟನ್ನು ಗೋಡೆಯಲ್ಲಿ ತೂಗುಹಾಕುವುದುಂಟು. ಮೊದಲ ಎರಡು ವಾರ ಮಕ್ಕಳು ಪುಸ್ತಕ ಹಿಡಿದುಕೊಂಡು ಓಡೋಡಿ ಬರುತ್ತಾರೆ. ಆಮೇಲೆ "ಟೀಚರ್, ಇವತ್ತು ಸ್ಟಾರ್ ಉಂಟಾ?" ಎಂಬ ಪ್ರಶ್ನೆ ಶುರು. ಇಲ್ಲವೆಂದರೆ ಪುಸ್ತಕ ಚೀಲದಿಂದ ಹೊರಗೆ ಬರುವುದೇ ಇಲ್ಲ.

ಇದು ನಮ್ಮ ಮಕ್ಕಳ ದೋಷವಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿ ಶಾಲೆಯಲ್ಲಿ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳನ್ನು ಅವರು ಆರಿಸಿಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟ್ ಸಿಗುತ್ತದೆ ಎಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಚಿತ್ರವಾದ ಮೇಲೆ ಅದನ್ನೇ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಕಳೆದು, ಬಹುಮಾನದ ಮಾತೇ ಇಲ್ಲದೆ, ತರಗತಿಯಲ್ಲಿ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದರು. ಮೊದಲೇ ಆಸೆ ಹುಟ್ಟಿಸಿದ್ದ ಗುಂಪು ಚಿತ್ರ ಬಿಡಿಸಲು ಕಳೆದ ಸಮಯ ಉಳಿದವರಿಗಿಂತ ಸುಮಾರು ಅರ್ಧ! ಬಹುಮಾನಕ್ಕಾಗಿ ಬಿಡಿಸಿದ ಚಿತ್ರಗಳ ಗುಣಮಟ್ಟವೂ ಕಡಿಮೆಯಿತ್ತು. ಅಚಾನಕ್ಕಾಗಿ ಬಹುಮಾನ ಪಡೆದವರ ಆಸಕ್ತಿಗೆ ಏನೂ ಆಗಿರಲಿಲ್ಲ.

ಹಾಗಾದರೆ ಬಹುಮಾನವೇ ಬೇಡವೋ? ಹಾಗಲ್ಲ. ಆ ಮಕ್ಕಳಿಗೆ ಚಿತ್ರ ಮೊದಲೇ ಇಷ್ಟವಿತ್ತು ಎಂಬುದನ್ನು ಮರೆಯಬಾರದು. ಮಗ್ಗಿ ಬರೆಯುವ ಕೆಲಸಕ್ಕೆ ಅಂಥ ಅಭಿಮಾನಿಗಳು ಎಷ್ಟಿದ್ದಾರು! ಅಲ್ಲಿ ಸಣ್ಣ ಆಮಿಷದಿಂದ ನಷ್ಟವೇನಿಲ್ಲ. ಆದರೆ ಯಾವುದಕ್ಕೆ ಕೊಡುತ್ತೇವೆ ಎನ್ನುವುದು ಮುಖ್ಯ. ಅರ್ಥಶಾಸ್ತ್ರಜ್ಞ ರೋಲಂಡ್ ಫ್ರಯರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಲ್ಲಾಸ್ ನಗರದ ಎರಡನೇ ತರಗತಿಯ ಮಕ್ಕಳಿಗೆ ಓದಿದ ಪ್ರತಿ ಪುಸ್ತಕಕ್ಕೆ 2 ಡಾಲರ್ ಕೊಟ್ಟಾಗ ಇಂಗ್ಲಿಷ್ ಮಾತನಾಡುವ ಮಕ್ಕಳಲ್ಲಿ ಮಾತ್ರ ಓದಿ ಅರ್ಥಮಾಡಿಕೊಳ್ಳುವ ಶಕ್ತಿಯಲ್ಲಿ ಸುಧಾರಣೆ ಕಂಡಿತು. ನ್ಯೂಯಾರ್ಕಿನಲ್ಲಿ ಪರೀಕ್ಷೆಯ ಅಂಕಕ್ಕೆ ಹಣ ಕೊಟ್ಟಾಗ ಹೇಳುವಂಥ ಲಾಭವಾಗಲಿಲ್ಲ. ಪುಸ್ತಕ ಓದುವುದು ಮಗುವಿನ ಕೈಯಲ್ಲಿದೆ. ಅಂಕ ಹೆಚ್ಚಿಸುವುದು ಹೇಗೆ ಎಂದು ಅದಕ್ಕೆ ಗೊತ್ತಿರಬೇಕಲ್ಲ?

ನಮ್ಮಲ್ಲಿ ತೊಡಕು ಇರುವುದೂ ಇಲ್ಲಿಯೇ. ಮಗುವಿನ ಮನೆಮಾತು ತುಳುವೋ ಮಲಯಾಳವೋ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ ಇರಬಹುದು. ಅಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿರಬಹುದು, ಕನ್ನಡ ಓದಲು ಆಕೆಗೆ ಬಾರದಿರಬಹುದು. "ಪೂರ್ತಿ, ಸರಿಯಾಗಿ" ಮಾಡಿದವರಿಗೆ ಮಾತ್ರ ಸ್ಟಾರ್ ಎಂದರೆ ಆ ಚಾರ್ಟು ಅಳೆಯುವುದು ಮನೆಯನ್ನು, ಮಗುವಿನ ಶ್ರಮವನ್ನಲ್ಲ. ಹೆಸರಿನ ಮುಂದೆ ಖಾಲಿ ಚೌಕಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಆಮೇಲೆ ಬೆಳಿಗ್ಗೆ ಬೆಲ್ ಹೊಡೆಯುವ ಮೊದಲು ಜಗಲಿಯಲ್ಲಿ ಕುಳಿತು ಪಕ್ಕದವನ ಪುಸ್ತಕ ನೋಡಿ ಬರೆಯುವುದೊಂದೇ ಅದಕ್ಕೆ ಉಳಿದ ದಾರಿ.

ಚಾರ್ಟನ್ನು ಗೋಡೆಯಿಂದ ಇಳಿಸಿ, ಗುರುತನ್ನು ಮಗುವಿನ ಪುಸ್ತಕದೊಳಗೇ ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎರಡು ಲೆಕ್ಕ ಪ್ರಯತ್ನಿಸಿ, ತಿಳಿಯದ ಕಡೆ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕಿ ತಂದರೂ ಸ್ಟಾರ್ ಸಿಗಲಿ. ಯಾರ ಸಹಾಯವಿಲ್ಲದೆಯೂ ಮಗು ಅದನ್ನು ಮಾಡಬಲ್ಲದು. ಮರುದಿನ ಯಾವುದನ್ನು ಮತ್ತೆ ಕಲಿಸಬೇಕೆಂದು ನಮಗೂ ಗೊತ್ತಾಗುತ್ತದೆ. ಅಭ್ಯಾಸ ಕೂಡಿ ಬಂದಂತೆ ದಿನದ ಸ್ಟಾರ್ ವಾರಕ್ಕೊಂದಾಗಲಿ, ಬರಬರುತ್ತಾ ಅದೂ ನಿಲ್ಲಲಿ.

ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಮೊಳಕೆ ಬರಿಸುವುದು, ಅಂಗಳದ ಕೋಲಿನ ನೆರಳನ್ನು ಅಳೆಯುವುದು, ಇಂಥ ಮನೆಗೆಲಸಕ್ಕೆ ಮಾತ್ರ ಸ್ಟಾರಿನ ಆಸೆ ತೋರಿಸಬೇಡಿ. ಮೊಳಕೆಯ ಉದ್ದವೆಷ್ಟಾಯಿತು ಎಂದು ನೀವೇ ಕುತೂಹಲದಿಂದ ಕೇಳಿದರೆ ಸಾಕು. ಏನಾದರೂ ಕೊಡಲೇಬೇಕೆನಿಸಿದರೆ, ಆ ದಿನ ಭೂತಕನ್ನಡಿ ಹಿಡಿಯುವ ಸರದಿ ಕೊಡಿ. ಪೆನ್ಸಿಲಿನ ಖರ್ಚೂ ಉಳಿಯಿತು!