ಎರೆ ನೆಲಕ್ಕೆ ನಾಲ್ಕು ಕಾಲಿನ ಮನೆ

ನವಲಗುಂದ, ಅಣ್ಣಿಗೇರಿ ಕಡೆ ಮನೆ ಕಟ್ಟುವವರ ಮೊದಲ ದುಡ್ಡು ನೆಲದೊಳಗೇ ಹೋಗುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಉಬ್ಬುವಾಗ ಗೋಡೆಯನ್ನು ಎತ್ತುತ್ತದೆ, ಕುಗ್ಗುವಾಗ ಕೈಬಿಡುತ್ತದೆ. ಬಚ್ಚಲ ಕಡೆಯ ಮೂಲೆ ಸದಾ ಹಸಿ, ಬಿಸಿಲಿಗೆ ಬಿದ್ದ ಮೂಲೆ ಒಣ. ಎರಡೂ ಒಂದೇ ಸಮ ಏಳುವುದಿಲ್ಲ. ಕಟ್ಟಿ ನಾಲ್ಕೈದು ಮಳೆಗಾಲ ಕಳೆಯುವುದರೊಳಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಕಾಣಿಸಿಕೊಳ್ಳುತ್ತದೆ. ಗರಸು ಹತ್ತುವ ತನಕ ಬುನಾದಿ ತೋಡಬೇಕು ಎನ್ನುವುದು ಇಲ್ಲಿನ ರೂಢಿ. ಗರಸು ಆಳದಲ್ಲಿದ್ದರೆ ಗೋಡೆ ಏಳುವ ಮೊದಲೇ ಗಂಟು ಕರಗಿರುತ್ತದೆ.

ಇದೇ ನವಲಗುಂದವನ್ನು ಹುಬ್ಬಳ್ಳಿ ಮೂಲಕ ಕಲಘಟಗಿಗೆ ಜೋಡಿಸುವ 52ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ ಹಗಲಿರುಳೂ ಉಕ್ಕಿನ ಕಂಟೇನರ್‌ಗಳು ಓಡುತ್ತಿರುತ್ತವೆ. ರಸ್ತೆ ಕಾಮಗಾರಿಯ ಕ್ಯಾಂಪ್‌ಗಳಲ್ಲಿ, ಗಾಳಿ ವಿದ್ಯುತ್ ಕಂಪನಿಗಳ ಸೈಟ್‌ಗಳಲ್ಲಿ ಅಂಥ ಪೆಟ್ಟಿಗೆಗಳೇ ಆಫೀಸು, ಮಲಗುವ ಕೋಣೆ. ಕಂಟೇನರ್ ಮನೆ ಎಂದರೆ ನಮ್ಮವರ ಕಣ್ಣಿಗೆ ಬರುವುದು ಬೆಂಗಳೂರಿನ ಕಾಫಿ ಅಂಗಡಿ, ರೆಸಾರ್ಟಿನ ಬಣ್ಣದ ಕೋಣೆ. ಆ ಸೊಗಸಿನ ಮಾತನ್ನು ನಾನು ಎತ್ತುವುದಿಲ್ಲ. ಎರೆ ಸೀಮೆಯವರು ಈ ಪೆಟ್ಟಿಗೆಯನ್ನು ಗಂಭೀರವಾಗಿ ನೋಡಬೇಕಾದ ಕಾರಣ ಜಾಹೀರಾತುಗಳಲ್ಲಿ ಸಿಗುವುದಿಲ್ಲ. ಅದಿರುವುದು ಅದರ ನಾಲ್ಕು ಮೂಲೆಗಳಲ್ಲಿ.

1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್‌ಲೀನ್ 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಇಂದಿನ ಕಂಟೇನರ್ ಸಾಗಣೆ ಬೆಳೆದದ್ದು ಅಲ್ಲಿಂದ. ಇವುಗಳನ್ನು ವಾಸಕ್ಕೆ ತಕ್ಕ ಕಟ್ಟಡವಾಗಿಸುವ ವಿಧಾನಕ್ಕೆ ಫಿಲಿಪ್ ಕ್ಲಾರ್ಕ್ ಎಂಬಾತ 1987ರಲ್ಲಿ ಅರ್ಜಿ ಹಾಕಿ 1989ರಲ್ಲಿ ಪೇಟೆಂಟ್ ಪಡೆದ. 2001ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 'ಕಂಟೇನರ್ ಸಿಟಿ' ಎದ್ದಿತು. ಆಮ್‌ಸ್ಟರ್‌ಡ್ಯಾಮ್‌ನ ಕೀಟ್‌ವೋನನ್‌ನಲ್ಲಿ ಸಾವಿರದಷ್ಟು ವಿದ್ಯಾರ್ಥಿಗಳಿಗೆ ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳಲ್ಲೇ ಕೋಣೆ ಸಿಕ್ಕಿತು. ಜಾಗ ಸಾಲದ ಊರುಗಳಿಗೆ ಹಾಗೆ ಪೇರಿಸುವುದು ಬೇಕು. ನಮ್ಮ ಹಳ್ಳಿಗೆ ಅಂತಸ್ತಿನ ಗೋಜು ಬೇಡ.

ಹಡಗಿನ ಮೇಲೆ ಏಳೆಂಟು ಕಂಟೇನರ್‌ಗಳನ್ನು ಒಟ್ಟಿದಾಗ ಮೇಲಿನ ಭಾರವೆಲ್ಲ ಇಳಿಯುವುದು ಮೂಲೆಯ ನಾಲ್ಕು ಕಂಬಗಳ ಮೂಲಕ. 20 ಅಡಿಯ ಖಾಲಿ ಪೆಟ್ಟಿಗೆಯ ತೂಕ ಸುಮಾರು 2.3 ಟನ್. ಇಪ್ಪತ್ತು ಟನ್ನಿಗೂ ಹೆಚ್ಚು ಸರಕು ಹೊತ್ತು ನಾಲ್ಕೇ ಮೂಲೆಗಳ ಮೇಲೆ ನಿಲ್ಲುವಂತೆ ಅದನ್ನು ಮಾಡಿರುತ್ತಾರೆ. ಅಂದರೆ ಉದ್ದಕ್ಕೂ ಬುನಾದಿ ಬೇಡ, ನಾಲ್ಕು ಕಾಲು ಸಾಕು. ಎರೆ ಮಣ್ಣಿಗೆ ಎಂಥ ಕಾಲು ಬೇಕೆಂಬುದನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ಹೇಳಿಕೊಟ್ಟಿದೆ. ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬವದು. ಗಡ್ಡೆಯ ಅಗಲ ಕಂಬದ ಎರಡೂವರೆ ಪಟ್ಟು, ಆಳ ಸಾಮಾನ್ಯವಾಗಿ ಮೂರೂವರೆ ಮೀಟರ್. ಅಷ್ಟು ಕೆಳಗೆ ಮಳೆ-ಬಿಸಿಲಿನ ಏರುಪೇರು ತಟ್ಟುವುದಿಲ್ಲ. ಮೇಲಿನ ಮಣ್ಣು ಉಬ್ಬಿದರೂ ಗಡ್ಡೆ ಕಂಬವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೆಟ್ಟಿಗೆಗೂ ನೆಲಕ್ಕೂ ಎರಡಡಿ ಸಂದು ಬಿಟ್ಟರೆ ಎರೆ ತನಗೆ ಬೇಕಾದಂತೆ ಉಬ್ಬಿಕೊಳ್ಳಬಹುದು. ಒಂದು ಕಾಲು ಬೆರಳಷ್ಟು ಕುಸಿದರೂ ಉಕ್ಕು ಇಟ್ಟಿಗೆಯಂತೆ ಸೀಳುವುದಿಲ್ಲ. ಜಾಕ್ ಹಚ್ಚಿ ಎತ್ತಿ, ತಗಡಿನ ಹಲ್ಲೆ ಕೊಟ್ಟು ಮಟ್ಟ ಮಾಡಬಹುದು. ಇಟ್ಟಿಗೆಯ ಗೋಡೆಗೆ ಈ ಉಪಾಯವಿಲ್ಲ.

ಹಳ್ಳದ ನೀರಿನ ಲೆಕ್ಕ ಬೇರೆಯೇ ಇದೆ. 2019ರ ಆಗಸ್ಟ್‌ನಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕ ಕಂಡ ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ. ತುಪ್ಪರಿಹಳ್ಳವೂ, ಶಿಗ್ಗಾವಿ ಕಡೆ ಹುಟ್ಟಿ ಕುಂದಗೋಳ, ನವಲಗುಂದ ಸೀಮೆ ಹಾದು ಮಲಪ್ರಭೆ ಸೇರುವ ಬೆಣ್ಣಿಹಳ್ಳವೂ ಹೊಲ, ದಾರಿ, ಓಣಿ ಎನ್ನದೆ ಹರಿದವು. ನೆನೆದ ಮಣ್ಣಿನ ಗೋಡೆಗಳು ಬುಡದಲ್ಲಿ ಮೆತ್ತಗಾಗಿ, ಮಾಳಿಗೆಯ ಭಾರ ತಡೆಯಲಾರದೆ ಕುಸಿದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಸರ್ಕಾರ ಘೋಷಿಸಿತು. ಹೊಸ ಮನೆ ಏಳುವ ತನಕ ಮಲಪ್ರಭೆಯ ದಂಡೆಯ ಎಷ್ಟೋ ಕುಟುಂಬಗಳು ದಿನ ಕಳೆದದ್ದು ತಗಡಿನ ಶೆಡ್ಡಿನಲ್ಲಿ.

ಕಾಲಿನ ಮೇಲೆ ನಿಂತ ಪೆಟ್ಟಿಗೆಯ ಕೆಳಗೆ ಹಳ್ಳದ ನೀರು ಹಾದುಹೋಗುತ್ತದೆ, ಸರಿ. ಆದರೆ ನೀರು ನೆಲಹಾಸನ್ನು ಮುಟ್ಟಿದರೆ? ಕಂಟೇನರನ್ನು ಮಾಡುವುದೇ ನೀರು ಒಳಬಾರದಂತೆ. ಅದರ ತಳ ಸುಮಾರು 14.8 ಚದರ ಮೀಟರ್. 2.3 ಟನ್ನಿನ ಖಾಲಿ ಪೆಟ್ಟಿಗೆ ಹದಿನಾರು ಸೆಂಟಿಮೀಟರ್ ನೀರಿಗೇ, ಅಂದರೆ ಒಂದು ಗೇಣಿಗೂ ಕಡಿಮೆ ನೀರಿಗೆ, ತೇಲತೊಡಗುತ್ತದೆ. ಒಳಗೆ ಮಂಚ, ತಿಜೋರಿ, ಕಾಳಿನ ಚೀಲ ಸೇರಿ ಐದು ಟನ್ ಆದರೂ ಒಂದಡಿಯ ಮೇಲೆ ಚೂರು ನೀರು ಸಾಕು. ಹಡಗಿನಲ್ಲಿ ಪೆಟ್ಟಿಗೆಗಳನ್ನು ಮೂಲೆಗೆ ತಿರುಗಿಸಿ ಬಿಗಿಯುವ ಕೀಲುಗಳಿರುತ್ತವಲ್ಲ, ಅವನ್ನೇ ಕಂಬದ ತಲೆಗೆ ಹಾಕಿ ಬಂಧಿಸಬೇಕು. ಇಷ್ಟು ಮಾಡದೆ ಹಳ್ಳದ ದಂಡೆಯಲ್ಲಿ ಕಂಟೇನರ್ ಇಟ್ಟು ಅದರಲ್ಲಿ ಮಕ್ಕಳನ್ನು ಮಲಗಿಸಬಾರದು. ಇದನ್ನು ಗಟ್ಟಿಯಾಗಿ ಹೇಳಬೇಕು ಎನಿಸುತ್ತದೆ, ಯಾಕೆಂದರೆ ಮಾರುವವರು ಹೇಳುವುದಿಲ್ಲ.

ಇನ್ನು ಬಿಸಿಲು. ಏಪ್ರಿಲ್-ಮೇನಲ್ಲಿ 37-38 ಡಿಗ್ರಿ ಏರುವ ಈ ಬಯಲಿನಲ್ಲಿ ಎರಡು ಮಿಲಿಮೀಟರ್ ಆಸುಪಾಸಿನ ಉಕ್ಕಿನ ಗೋಡೆ ಮಧ್ಯಾಹ್ನ ಕೈ ಇಡಲಾಗದಷ್ಟು ಕಾಯುತ್ತದೆ. ತಗಡಿನ ಶೆಡ್ಡಿನಲ್ಲಿ ಬಾಣಂತಿಯರು, ಮುದುಕರು ಪಟ್ಟ ಪಾಡನ್ನು ಹೊಸ ಹೆಸರಿನಲ್ಲಿ ಮತ್ತೆ ಕೊಡಬಾರದು. ಇದಕ್ಕೆ ಪಾಠ ನಮ್ಮ ಊರುಗಳಲ್ಲೇ ಇದೆ. ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೆಯುವ ಕುಂದಗೋಳದ ನಾಡಗೇರ ವಾಡೆಯಂಥ ಹಳೆಯ ವಾಡೆಗಳಲ್ಲಿ, ತೊಲೆ-ಜಂತಿಯ ಮೇಲೆ ಮಣ್ಣು ಹೇರಿದ ಸಾಮಾನ್ಯ ರೈತನ ಮಾಳಿಗೆ ಮನೆಯಲ್ಲಿ, ಹಗಲಿನ ಕಾವು ಗೋಡೆ ದಾಟಿ ಒಳಗೆ ಬರುವುದರೊಳಗೆ ರಾತ್ರಿಯಾಗಿರುತ್ತದೆ. ಆಗ ಬೆಳಕಿಂಡಿ ತೆರೆದರೆ ಹೊರಗಿನ ತಂಪು ಕೆಲಸ ಮಾಡುತ್ತದೆ.

ಆ ಮಣ್ಣನ್ನೇ ಪೆಟ್ಟಿಗೆಯ ಮೇಲೆ ಹೇರೋಣ ಎಂದರೆ ಆಗದು. ಒಂದಡಿ ದಪ್ಪದ ಮಣ್ಣು ಚದರ ಮೀಟರಿಗೆ ಐದು ಕ್ವಿಂಟಲಿನಷ್ಟು ತೂಗುತ್ತದೆ. 20 ಅಡಿಯ ಪೆಟ್ಟಿಗೆಯ ಮೇಲೆ ಏಳು ಟನ್. ಅದರ ಛಾವಣಿಯ ತಗಡನ್ನು ಮಾಡಿರುವುದು ಹತ್ತಿ ನಿಂತ ಕೂಲಿಯವರ ಭಾರ ತಡೆಯಲಿಕ್ಕೆ, ಅಷ್ಟೇ. ಹಾಗಾಗಿ ನೆರಳಿನ ಮಾಡು ಬೇರೆಯೇ ಕಂಬಗಳ ಮೇಲೆ ನಿಲ್ಲಬೇಕು. ಪೆಟ್ಟಿಗೆಯ ತಲೆಯಿಂದ ಎರಡು-ಮೂರು ಅಡಿ ಮೇಲೆ, ಪಡುವಣಕ್ಕೂ ತೆಂಕಣಕ್ಕೂ ಚಾಚಿಕೊಂಡು. ನಡುವೆ ಗಾಳಿ ಆಡುತ್ತಿದ್ದರೆ ಉಕ್ಕಿಗೆ ನೇರ ಬಿಸಿಲೇ ಬೀಳುವುದಿಲ್ಲ. ಒಳಗೋಡೆಗೆ ಎರಡು ಇಂಚಿನ ಪಾಲಿಯುರೆಥೇನ್ ನೊರೆಯ ಹೊದಿಕೆ ಬೇಕೇ ಬೇಕು. ಉಕ್ಕು ಈ ನೊರೆಗಿಂತ ಎರಡು ಸಾವಿರ ಪಟ್ಟು ಸಲೀಸಾಗಿ ಶಾಖ ದಾಟಿಸುತ್ತದೆ. ಹಣ್ಣು, ಮೀನು ಸಾಗಿಸಿ ನಿವೃತ್ತವಾದ ಶೀತಲ ಕಂಟೇನರ್ ಸಿಕ್ಕರೆ ಹೊದಿಕೆ ಅದರ ಗೋಡೆಯಲ್ಲೇ ಇರುತ್ತದೆ. ನನ್ನ ಮಟ್ಟಿಗೆ ಎರೆ ಸೀಮೆಯವರು ಮೊದಲು ಹುಡುಕಬೇಕಾದದ್ದು ಅದನ್ನೇ. ಒಲೆ ಮಾತ್ರ ಯಾವ ಪೆಟ್ಟಿಗೆಯ ಒಳಗೂ ಬೇಡ. ರೊಟ್ಟಿ ಬೇಯುವ ಕಾವೂ ಹಬೆಯೂ ಮುಚ್ಚಿದ ಉಕ್ಕಿನಲ್ಲಿ ತಂಗಿದರೆ ಚಳಿಗಾಲದ ಬೆಳಗ್ಗೆ ಗೋಡೆ ಬೆವರುತ್ತದೆ, ಬೆವರಿದ ಕಡೆ ತುಕ್ಕು. ಅಡ್ಡಮಳೆಯ ಸಿಡಿಲಿಗೆ ಉಕ್ಕಿನ ಪೆಟ್ಟಿಗೆ ಒಳ್ಳೆಯ ಆಸರೆ, ಆದರೆ ಅರ್ತಿಂಗ್ ಸರಿಯಾಗಿರಬೇಕು.

ಅಗಲ ಇದರ ದೊಡ್ಡ ಕೊರತೆ. ಒಳಗೆ ಸಿಗುವುದು 2.35 ಮೀಟರ್, ಹೊದಿಕೆ ಹಚ್ಚಿದ ಮೇಲೆ ಏಳಡಿಯ ಸುತ್ತಮುತ್ತ. ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳಿಗೆ ಮನೆಯೇ ಕಾರ್ಖಾನೆ. ಮಗ್ಗ ಹೂಡಿ, ಅದರ ಮುಂದೆ ಕೂತು ನೂಲು ಹರವಲು ಈ ಓಣಿಯಂಥ ಕೋಣೆ ಸಾಲದು. ಹಬ್ಬಕ್ಕೆ ಹತ್ತು ಮಂದಿ ಸಾಲಾಗಿ ಉಣ್ಣಲು ಕೂತರೂ ಬಡಿಸುವವರಿಗೆ ದಾರಿ ಇಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯೂ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಬೇಕೆನ್ನುತ್ತದೆ. 20 ಅಡಿಯ ಒಂದು ಪೆಟ್ಟಿಗೆ ಕೊಡುವುದು ಹದಿನಾಲ್ಕಕ್ಕೂ ತುಸು ಕಡಿಮೆ. ಆದ್ದರಿಂದ ಎರಡು ಪೆಟ್ಟಿಗೆಗಳನ್ನು ಎದುರುಬದುರು ಹತ್ತು-ಹನ್ನೆರಡು ಅಡಿ ದೂರದಲ್ಲಿಟ್ಟು, ಒಂದೇ ಮಾಡಿನ ನೆರಳಿಗೆ ತಂದರೆ ನಡುವೆ ಒಳ್ಳೆಯ ಪಡಸಾಲೆ ಹುಟ್ಟುತ್ತದೆ. ಮಗ್ಗ, ಊಟ, ಬಂದವರ ಮಾತು ಎಲ್ಲ ಅಲ್ಲಿ. ಉಕ್ಕಿನ ಕೋಣೆ ಮಲಗಲಿಕ್ಕೆ, ಕಾಳು-ಕಡಿ ಕೂಡಿಡಲಿಕ್ಕೆ. ಕಿಟಕಿಗೆಂದು ಗೋಡೆ ಕೊರೆದಾಗ ಸುತ್ತ ಉಕ್ಕಿನ ಚೌಕಟ್ಟು ಬೆಸೆಯುವುದನ್ನು ಮರೆಯಬಾರದು. ಆ ನಿರಿಗೆಯ ಗೋಡೆಯೇ ಪೆಟ್ಟಿಗೆಯ ಬಿಗಿ.

ಕಲಘಟಗಿಗೆ ಇದೇ ಮಾತು ಪೂರ್ತಿ ಒಪ್ಪುವುದಿಲ್ಲ. ಅದು ಅರೆಮಲೆನಾಡು. ಮಳೆ ಹೆಚ್ಚು, ಮಾಡು ಹಂಚಿನದು, ಎರೆಯ ಕಾಟ ಕಡಿಮೆ. ಅಲ್ಲಿ ಪೆಟ್ಟಿಗೆಗೆ ಮೊದಲ ಶತ್ರು ತುಕ್ಕು. ಕಂಟೇನರಿನ ಕಾರ್ಟೆನ್ ಉಕ್ಕು ಗಾಳಿಯಾಡುವ ಕಡೆ ಬಾಳುತ್ತದೆ, ನೀರು ನಿಂತ ಕಡೆ ಸಾಮಾನ್ಯ ಕಬ್ಬಿಣದಂತೆಯೇ ತಿನ್ನಿಸಿಕೊಳ್ಳುತ್ತದೆ. ಇಳಿಜಾರಿನ ಹಂಚಿನ ಮಾಡಿಲ್ಲದೆ ಅಲ್ಲಿ ಇದನ್ನು ಇಡಬಾರದು. ಬಣ್ಣದ ತೊಟ್ಟಿಲಿಗೆ ಹೆಸರಾದ ಊರಿನ ಬಡಗಿಗಳು ಒಳಗಿನ ಮರಗೆಲಸಕ್ಕೆ ಕೈ ಹಾಕಿದರೆ ಪೆಟ್ಟಿಗೆಗೆ ಮನೆಯ ಕಳೆ ಬರುತ್ತದೆ ಎಂಬ ಆಸೆ ನನ್ನದು.

ಹಳೆಯ ಪೆಟ್ಟಿಗೆಗಳು ಸಿಗುವುದು ನ್ಹಾವಾ ಶೇವಾ, ಚೆನ್ನೈ, ಮಂಗಳೂರಿನಂಥ ಬಂದರುಗಳ ಸುತ್ತ, ಇಲ್ಲವೇ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ. ಧಾರವಾಡ ಜಿಲ್ಲೆಗೆ ಸಾಗಣೆಯ ಬಾಡಿಗೆ, ಕ್ರೇನಿನ ಬಾಡಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಕೊಳ್ಳುವ ಮೊದಲು ಬಾಗಿಲಿಗೆ ಜಡಿದ ಸುರಕ್ಷತಾ ಫಲಕದಲ್ಲಿ ತಯಾರಾದ ವರ್ಷ ಓದಿ. ಒಳಗೆ ನಿಂತು ಬಾಗಿಲು ಮುಚ್ಚಿಸಿ, ಎಲ್ಲಾದರೂ ಬೆಳಕಿನ ಚುಕ್ಕಿ ಕಾಣುತ್ತದೆಯೇ ನೋಡಿ. ಸಾಮಾನ್ಯ ಪೆಟ್ಟಿಗೆಯ 28 ಮಿಲಿಮೀಟರ್ ಪ್ಲೈವುಡ್ ನೆಲಹಾಸಿಗೆ ಕೀಟನಾಶಕ ಉಣಿಸಿರುತ್ತಾರೆ. ಕೂಸು ಅಂಬೆಗಾಲಿಡುವ ಮನೆಯಾದರೆ ಅದನ್ನು ಕಿತ್ತು ಹೊಸದು ಹಾಕಿಸುವುದು ಲೇಸು. 40 ಅಡಿಯ ಟ್ರೇಲರ್ ನಮ್ಮ ಓಣಿಗಳಲ್ಲಿ ತಿರುಗುವುದಿಲ್ಲ, 20 ಅಡಿಯದನ್ನೇ ತರಿಸಿ. ಹೊಲದ ಮನೆಗಾದರೆ ಹಿಂಗಾರಿ ಜೋಳ, ಕಡಲೆ ಒಕ್ಕಿ ಮುಗಿದ ಮೇಲೆ, ಅಡ್ಡಮಳೆ ಶುರುವಾಗುವ ಮುಂಚೆ ತರಿಸಬೇಕು. ಹಸಿ ಎರೆಯ ಮೇಲೆ ಕ್ರೇನ್ ನಿಲ್ಲುವುದಿಲ್ಲ, ಹೂತರೆ ಅದನ್ನು ಎತ್ತಲು ಇನ್ನೊಂದು ಕ್ರೇನ್ ಬರಬೇಕು. ಕಂಬದ ಕಾಂಕ್ರೀಟ್ ಗಟ್ಟಿಯಾಗಲು 28 ದಿನ ಬೇಕಾದ್ದರಿಂದ, ಸುಗ್ಗಿ ಮುಗಿಯುವುದನ್ನು ಕಾಯದೆ ಮನೆ ನಿಲ್ಲುವಷ್ಟು ಜಾಗವನ್ನು ಬಿತ್ತದೆ ಬಿಟ್ಟು, ಪೆಟ್ಟಿಗೆಗೆ ನಾಲ್ಕರಂತೆ ಕುಣಿಗಳನ್ನು ಸಂಕ್ರಾಂತಿಯ ಹೊತ್ತಿಗೆ ತೋಡಿಸಿರಬೇಕು.