ಅಂಗಡಿ ತೆರೆದಿದೆ, ಬೋರ್ಡು ಮಾತ್ರ ಕಾಣೆ!

ಕಬಕ (ಪುತ್ತೂರು): ಮಾಣಿಯಿಂದ ಪುತ್ತೂರಿಗೆ ಬರುವ ಹೆದ್ದಾರಿಯಲ್ಲಿ ವಿಟ್ಲದ ರಸ್ತೆ ಕವಲೊಡೆಯುವ ಊರು ಕಬಕ. ಇಲ್ಲಿನ ಅಂಗಡಿಯೊಂದರ ಬೋರ್ಡನ್ನು ಯಾರೋ ರಾತ್ರೋರಾತ್ರಿ ಕಳಚಿ, ರಸ್ತೆಗೆ ಕಾಣದಂತೆ ಪರದೆ ಕಟ್ಟಿದರೆನ್ನಿ. ಅಂಗಡಿ ಮುಚ್ಚಿಲ್ಲ, ಸರಕೂ ಇದೆ. ದಾರಿ ಬಲ್ಲ ಹಳೆಯ ಗಿರಾಕಿ ಬಂದಾನು; ಹೊಸಬ ಬರಲಾರ.

ಇಂಥದೇ ಅನುಭವ 2025ರ ಜುಲೈನಲ್ಲಿ ಜಗತ್ತಿನ ಅನೇಕ ಸಣ್ಣ ಗೇಮ್ ತಯಾರಕರಿಗಾಯಿತು. ಇದು ನಡೆದದ್ದು 2013ರಲ್ಲಿ ಲೀಫ್ ಕೊರ್ಕೊರಾನ್ ಆರಂಭಿಸಿದ 'ಇಚ್ ಡಾಟ್ ಐಓ' ಎಂಬ ಅಂತರ್ಜಾಲ ಮಾರುಕಟ್ಟೆಯಲ್ಲಿ. ದೊಡ್ಡ ಕಂಪನಿಗಳ ಆಸರೆಯಿಲ್ಲದೆ ಗೇಮ್ ರೂಪಿಸುವವರು ತಮ್ಮ ಕೃತಿಗೆ ತಾವೇ ಬೆಲೆ ಕಟ್ಟಿ ಮಾರುವ ತಾಣವಿದು. ಮಾರುಕಟ್ಟೆಗೆ ಎಷ್ಟು ಪಾಲು ಕೊಡಬೇಕೆಂಬುದನ್ನೂ ಮಾರುವವರೇ ನಿರ್ಧರಿಸಬಹುದು.

ಆದದ್ದೇನು?

ಲೈಂಗಿಕ ಹಿಂಸೆಯನ್ನು ಬಿಂಬಿಸುವ 'ನೋ ಮರ್ಸಿ' ಎಂಬ ಗೇಮ್ ವಿರುದ್ಧ ಆಸ್ಟ್ರೇಲಿಯದ 'ಕಲೆಕ್ಟಿವ್ ಶೌಟ್' ಸಂಘಟನೆ ದನಿಯೆತ್ತಿತ್ತು. ಅದರ ಮನವಿ ಹೋದದ್ದು ಹಣ ಪಾವತಿ ಕಂಪನಿಗಳಿಗೆ. ಪಾವತಿ ನಿಂತರೆ ಇಡೀ ಮಾರುಕಟ್ಟೆಯೇ ನಿಲ್ಲುತ್ತದೆ. ಹೀಗಾಗಿ ಇಚ್, ವಯಸ್ಕರ ವಿಭಾಗದ ಎಲ್ಲ ಕೃತಿಗಳನ್ನೂ ಹುಡುಕಾಟದ ಪಟ್ಟಿಯಿಂದ ಒಮ್ಮೆಲೇ ಕೈಬಿಟ್ಟಿತು. ತಯಾರಕರಿಗೆ ಮುನ್ಸೂಚನೆ ನೀಡಲಾಗಲಿಲ್ಲವೆಂದು ತಾನೇ ಒಪ್ಪಿಕೊಂಡಿತು. ತಿಂಗಳ ಕೊನೆಗೆ ಉಚಿತ ಕೃತಿಗಳನ್ನಷ್ಟೇ ಮರಳಿ ಪಟ್ಟಿಗೆ ಸೇರಿಸತೊಡಗಿತು.

ಆಕ್ಷೇಪ ಬಂದದ್ದು ಒಂದು ಬಗೆಯ ಸರಕಿನ ಮೇಲೆ. ಪರದೆ ಬಿದ್ದದ್ದು ಇಡೀ ಸಾಲಿನ ಮೇಲೆ ಎಂಬುದು ಇಲ್ಲಿ ಗಮನಾರ್ಹ.

ಹೊಣೆ ಯಾರದು?

ತಾನು ಯಾವ ಗೇಮನ್ನೂ ಪರಿಶೀಲಿಸಿಲ್ಲ, ನಿರ್ಬಂಧ ಹೇರುವಂತೆ ಕೇಳಿಯೂ ಇಲ್ಲ ಎಂದು ಮಾಸ್ಟರ್‌ಕಾರ್ಡ್ ಆಗಸ್ಟ್‌ನಲ್ಲಿ ಸ್ಪಷ್ಟೀಕರಣ ನೀಡಿತು. ಇದೇ ಬಗೆಯ ಒತ್ತಡಕ್ಕೊಳಗಾಗಿದ್ದ 'ಸ್ಟೀಮ್' ಮಾರುಕಟ್ಟೆಯ ಒಡೆಯ ವಾಲ್ವ್ ಕಂಪನಿ, ಸೂಚನೆ ನೇರವಾಗಿ ಬಾರದಿದ್ದರೂ ಮಧ್ಯವರ್ತಿ ಬ್ಯಾಂಕುಗಳ ಮೂಲಕ ಬಂದಿತ್ತು ಎಂದಿತು. ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವ ಈ ಸರಪಳಿಯಲ್ಲಿ ತಯಾರಕನ ದೂರು ಕೇಳುವವರಾರು? ಸಿಟ್ಟಾದ ಬಳಕೆದಾರರು ಕೊನೆಗೆ ಕಾರ್ಡ್ ಕಂಪನಿಗಳಿಗೇ ಸಾಲುಸಾಲು ಕರೆ ಮಾಡಿದರು.

ದೂರಿನ ಬಿಸಿ ಇಚ್‌ಗೆ ಹೊಸದೇನಲ್ಲ. 2024ರ ಡಿಸೆಂಬರ್‌ನಲ್ಲಿ ಗೊಂಬೆ ತಯಾರಕ ಫಂಕೊ ಪರವಾಗಿ ಹೋದ ಒಂದೇ ದೂರಿನಿಂದ ಇಡೀ ತಾಣ ಕೆಲವು ಗಂಟೆ ಸ್ಥಗಿತಗೊಂಡಿತ್ತು.

ನಮ್ಮ ಕಾನೂನು

ಭಾರತದ 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಯಾವ ಸರಕು ಮೇಲೆ, ಯಾವುದು ಕೆಳಗೆ ಎಂದು ನಿರ್ಧರಿಸುವ ಮುಖ್ಯ ಮಾನದಂಡಗಳನ್ನು ಮಾರುಕಟ್ಟೆ ತಾಣಗಳು ಸರಳ ಭಾಷೆಯಲ್ಲಿ ತಿಳಿಸಬೇಕು. ಗ್ರಾಹಕರ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಕೊಂಡ ಗೇಮ್ ಸಿಗದವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು.

ಆದರೆ ಈ ದಾರಿ ಕೊಳ್ಳುವವರಿಗೆ. ಮಾರುವವರು ಗ್ರಾಹಕರಲ್ಲ, ಅವರ ಕೈಯಲ್ಲಿರುವುದು ತಾಣದೊಂದಿಗಿನ ಕರಾರು ಮಾತ್ರ. ಜಾಹೀರಾತಿಗೆ ಹಣವಿಲ್ಲದೆ, ಪುತ್ತೂರಿನಂಥ ಊರಿನಲ್ಲಿ ಕುಳಿತು ಒಂಟಿಯಾಗಿ ಗೇಮ್ ರೂಪಿಸುವವರಿಗೆ ಹುಡುಕಾಟದ ಪಟ್ಟಿಯೇ ಬೋರ್ಡು. ಅಂಥವರು ಕರಾರನ್ನು ಪೂರ್ತಿ ಓದುವುದು, ಗಿರಾಕಿಗಳೊಂದಿಗೆ ನೇರ ಸಂಪರ್ಕ ಇಟ್ಟುಕೊಳ್ಳುವುದು, ಎರಡನೆಯದೊಂದು ತಾಣದಲ್ಲೂ ಸರಕಿಡುವುದು ಒಳಿತು. ಬೋರ್ಡು ಕಳಚಿದ ದಿನ ದಾರಿ ಬಲ್ಲ ಗಿರಾಕಿಯಷ್ಟೇ ಉಳಿಯುತ್ತಾನೆ.